ಒಂದೇ ವಿಷಯಕ್ಕೆ ಎರಡು ಸಾಕ್ಷ್ಯಚಿತ್ರ: ಯಾವುದನ್ನು ನೋಡೋಣ, ಯಾರಿಗೆ ಯಾವುದನ್ನು ಹೇಳೋಣ?

‘ಒಳ್ಳೆಯ ಡಾಕ್ಯುಮೆಂಟರಿ ಇದ್ದರೆ ಹೇಳಿ’ ಎಂದು ಕೇಳುವವರಿಗೆ ಒಂದು ಪಟ್ಟಿ ಕಳಿಸಿಬಿಡುವುದು ಸುಲಭ. ಆಸ್ಕರ್ ಗೆದ್ದ ಹತ್ತು, ನೆಟ್‌ಫ್ಲಿಕ್ಸಿನ ಇಪ್ಪತ್ತು ಎಂಬಂಥ ಪಟ್ಟಿಗಳು ಬೇಕಾದಷ್ಟಿವೆ. ಆದರೆ ಪ್ರಶಸ್ತಿ ನೋಡಿ ಒಂದು ಚಿತ್ರ ಆರಿಸಿ ಅಲ್ಲಿಗೇ ನಿಲ್ಲಿಸಿದರೆ, ಆ ಊರಿನ, ಆ ಜನರ ಬಗ್ಗೆ ನಮಗೆ ಸಿಗುವುದು ಒಬ್ಬರು ಕಂಡದ್ದಷ್ಟೇ. ಅದೇ ಸಂಗತಿಯ ಮೇಲೆ ಇನ್ನೊಬ್ಬರು ಮಾಡಿದ ಚಿತ್ರವನ್ನು ಪಕ್ಕಕ್ಕಿಟ್ಟು ನೋಡಿದರೆ ಎರಡರ ಗುಣವೂ ಮಿತಿಯೂ ತಾವಾಗಿ ಗೊತ್ತಾಗುತ್ತವೆ. ಅದಕ್ಕೇ ಇಲ್ಲಿ ಚಿತ್ರಗಳನ್ನು ಬಹುಪಾಲು ಜೋಡಿಯಾಗಿ ಇಟ್ಟಿದ್ದೇನೆ. ಆರಿಸುವಾಗ ನಾನು ಕೇಳಿಕೊಳ್ಳುವುದು ಇಷ್ಟು: ಕ್ಯಾಮೆರಾ ಹಿಡಿದವರು ಆ ಜನರ ನಡುವೆ ಎಷ್ಟು ಕಾಲ ಇದ್ದರು? ಯಾರ ಪಕ್ಕ ನಿಂತರು? ಯಾರ ಮಾತನ್ನು ಪೂರ್ತಿ ಕೇಳಿದರು?

ಸಂಪತ್ ಪಾಲ್ ಬಗ್ಗೆ ಎರಡು ಚಿತ್ರ

ಉತ್ತರ ಪ್ರದೇಶದ ಬುಂದೇಲಖಂಡದಲ್ಲಿ, ಬಾಂದಾ ಜಿಲ್ಲೆಯ ಸುತ್ತಮುತ್ತ, ಗುಲಾಬಿ ಸೀರೆ ಉಟ್ಟು ಲಾಠಿ ಹಿಡಿದ ಹೆಂಗಸರ ಗುಂಪು ಕಟ್ಟಿದವರು ಸಂಪತ್ ಪಾಲ್. ಅವರ ಬಗ್ಗೆ ಎರಡೇ ವರ್ಷಗಳ ಅಂತರದಲ್ಲಿ ಎರಡು ಪೂರ್ಣಪ್ರಮಾಣದ ಚಿತ್ರಗಳು ಬಂದವು. ಬ್ರಿಟನ್ನಿನ ಕಿಮ್ ಲಾಂಗಿನೊಟ್ಟೊ ಅವರ ‘ಪಿಂಕ್ ಸಾರೀಸ್’ 2010ರದು, ನಿಷ್ಠಾ ಜೈನ್ ಅವರ ‘ಗುಲಾಬಿ ಗ್ಯಾಂಗ್’ 2012ರದು. ಎರಡೂ ಸುಮಾರು ಒಂದೂವರೆ ಗಂಟೆಯವು. ಹೋಲಿಸಿ ನೋಡುವುದನ್ನು ಕಲಿಯಲು ಇದಕ್ಕಿಂತ ಒಳ್ಳೆಯ ಜೋಡಿ ನನಗೆ ಸಿಕ್ಕಿಲ್ಲ.

ಲಾಂಗಿನೊಟ್ಟೊ ಸಂಪತ್ ಪಾಲ್ ಅವರ ಮಗ್ಗುಲು ಬಿಟ್ಟು ಕದಲುವುದಿಲ್ಲ. ಗಂಡನ ಮನೆಯಿಂದ ಓಡಿಬಂದವರು, ಬಸಿರಾದ ಮೇಲೆ ಜಾತಿಯ ನೆಪ ಹೇಳಿ ಹುಡುಗನ ಮನೆಯವರು ಬೇಡವೆಂದ ಹುಡುಗಿ, ಹೀಗೆ ಒಬ್ಬೊಬ್ಬರಾಗಿ ಬಾಗಿಲಿಗೆ ಬರುತ್ತಾರೆ. ಸಂಪತ್ ಕೂಗಾಡುತ್ತಾರೆ, ಬೆದರಿಸುತ್ತಾರೆ, ತಮ್ಮನ್ನು ತಾವೇ ಹೊಗಳಿಕೊಳ್ಳುತ್ತಾರೆ, ಮನೆಯೊಳಗೂ ಜಗಳವಾಡುತ್ತಾರೆ. ಹಿನ್ನೆಲೆಯ ವಿವರಣೆ ಇಲ್ಲ. ಒಬ್ಬ ವ್ಯಕ್ತಿಯನ್ನು ಇಷ್ಟು ಹತ್ತಿರದಿಂದ ಕಂಡಾಗ ಅವರ ಧೈರ್ಯವೂ ಒಂಟಿತನವೂ ಮನಸ್ಸಿಗೆ ನಾಟುತ್ತವೆ. ಆದರೆ ಗುಂಪು ಎಲ್ಲಿ? ಗುಲಾಬಿ ಸೀರೆಯ ಉಳಿದ ಹೆಂಗಸರು ಅಂಚಿನಲ್ಲಿ ಉಳಿದುಬಿಡುತ್ತಾರೆ. ಒಬ್ಬಳು ಧೀರೆ ಮತ್ತು ಆಕೆಯ ಎದುರಿಗೆ ಒಂದು ಕ್ರೂರ ಸಮಾಜ ಎಂಬ ಚಿತ್ರ ಮನಸ್ಸಿನಲ್ಲಿ ನಿಲ್ಲುತ್ತದೆ.

ನಿಷ್ಠಾ ಜೈನ್ ಅವರ ಚಿತ್ರ ಒಂದು ಸುಟ್ಟ ಶವದಿಂದ ಶುರುವಾಗುತ್ತದೆ. ಎಳೆ ವಯಸ್ಸಿನ ಹೆಂಗಸು ಸತ್ತಿದ್ದಾಳೆ. ಅಪಘಾತ ಎನ್ನುತ್ತಾರೆ ಮನೆಯವರು. ಸಂಪತ್ ಪಾಲ್ ಒಬ್ಬೊಬ್ಬರನ್ನೂ ಕೇಳುತ್ತಾ ಹೋಗುತ್ತಾರೆ, ಊರಿಗೆ ಊರೇ ಬಾಯಿ ಮುಚ್ಚಿಕೊಳ್ಳುತ್ತದೆ. ಪೊಲೀಸರು, ನೆಂಟರು, ನೆರೆಹೊರೆಯವರು ಸೇರಿ ಒಂದು ಸಾವನ್ನು ಹೇಗೆ ಅಳಿಸಿಹಾಕುತ್ತಾರೆ ಎಂಬುದು ನಮ್ಮ ಕಣ್ಣೆದುರೇ ನಡೆಯುತ್ತದೆ. ಮುಂದೆ ಪಂಚಾಯ್ತಿ ಚುನಾವಣೆ ಬರುತ್ತದೆ. ಗುಂಪಿನವಳೇ ಆದ ಒಬ್ಬ ಹೆಂಗಸು, ಮರ್ಯಾದೆಯ ಹೆಸರಿನಲ್ಲಿ ತನ್ನ ಮನೆಯಲ್ಲೇ ನಡೆದ ಕೊಲೆಯನ್ನು ಸಮರ್ಥಿಸುತ್ತಾಳೆ. ಲಾಠಿ ಹಿಡಿದ ಕೈಯೂ ಮನೆಯ ಹೊಸ್ತಿಲಲ್ಲಿ ಸೋಲುತ್ತದೆ ಎಂಬ ಈ ಭಾಗವೇ ಚಿತ್ರದ ಜೀವ.

ಒಂದನ್ನೇ ನೋಡಲು ಸಮಯವಿದ್ದರೆ ‘ಗುಲಾಬಿ ಗ್ಯಾಂಗ್’ ನೋಡಿ. ಮಹಿಳಾ ಸಂಘ, ಪಂಚಾಯ್ತಿ, ಸ್ವಸಹಾಯ ಗುಂಪುಗಳಲ್ಲಿ ಕೆಲಸ ಮಾಡುವವರಿಗೂ ಇದನ್ನೇ ಹೇಳುತ್ತೇನೆ. ಏಕೆಂದರೆ ಅವರು ದಿನಾ ಎದುರಿಸುವ ತೊಡಕು ಇದರಲ್ಲಿದೆ. ಸಾಕ್ಷ್ಯಚಿತ್ರವೆಂದರೆ ಬೇಸರ ಎನ್ನುವವರಿಗೆ ಮಾತ್ರ ‘ಪಿಂಕ್ ಸಾರೀಸ್’ ಮೊದಲು. ಸಂಪತ್ ಪಾಲ್ ಅವರ ಮಾತಿನ ಬಿಸಿ ಯಾರನ್ನೂ ಏಳಗೊಡುವುದಿಲ್ಲ.

ಅದೇ ಬುಂದೇಲಖಂಡದ ಚಿತ್ರಕೂಟದಲ್ಲಿ 2002ರಲ್ಲಿ ಶುರುವಾದ ಪತ್ರಿಕೆ ‘ಖಬರ್ ಲಹರಿಯಾ’. ಅದರ ದಲಿತ ಪತ್ರಕರ್ತೆಯರ ಮೇಲೆ ರಿಂಟು ಥಾಮಸ್ ಮತ್ತು ಸುಶ್ಮಿತ್ ಘೋಷ್ ಮಾಡಿದ ‘ರೈಟಿಂಗ್ ವಿತ್ ಫೈರ್’ 2022ರಲ್ಲಿ ಆಸ್ಕರ್ ಸ್ಪರ್ಧೆಯ ಕೊನೆಯ ಐದರಲ್ಲಿತ್ತು. ಮೊಬೈಲ್ ಹಿಡಿದು ಗಣಿಗೂ ಪೊಲೀಸ್ ಠಾಣೆಗೂ ನುಗ್ಗುವ ಆ ಹೆಂಗಸರನ್ನು ನೋಡುವುದೇ ಒಂದು ಹುಮ್ಮಸ್ಸು. ಆದರೆ ಪ್ರಶಸ್ತಿ ಸಮಾರಂಭಕ್ಕೆ ಸ್ವಲ್ಪ ಮೊದಲು ಆ ಪತ್ರಿಕೆಯವರೇ ಒಂದು ಹೇಳಿಕೆ ಹೊರಡಿಸಿದರು. ಚಿತ್ರ ಪರಿಣಾಮಕಾರಿಯಾಗಿದೆ, ಆದರೆ ನಾವು ಒಂದೇ ಪಕ್ಷದ ಮೇಲೆ ಕಣ್ಣಿಟ್ಟು ವರದಿ ಮಾಡುವವರು ಎಂಬಂತೆ ತೋರಿಸಿರುವುದು ಸರಿಯಲ್ಲ ಎಂಬುದು ಅದರ ಸಾರ. ನಾನು ಈ ಚಿತ್ರವನ್ನು ಈಗಲೂ ಶಿಫಾರಸು ಮಾಡುತ್ತೇನೆ, ಆ ಹೇಳಿಕೆಯ ಜೊತೆಗೆ. ಯಾವ ಚಿತ್ರವೇ ಆಗಲಿ, ತೆರೆಯ ಮೇಲೆ ಕಂಡವರು ಆಮೇಲೆ ಏನು ಹೇಳಿದರು ಎಂದು ಹುಡುಕಿ ನೋಡುವುದು ಐದು ನಿಮಿಷದ ಕೆಲಸ.

ಕೊಂದವರ ಮಾತು, ಉಳಿದವರ ಮಾತು

ಇಂಡೊನೇಷ್ಯಾದಲ್ಲಿ 1965–66ರಲ್ಲಿ ಕಮ್ಯುನಿಸ್ಟರೆಂಬ ಆರೋಪ ಹೊರಿಸಿ ಜನರನ್ನು ಸಾಮೂಹಿಕವಾಗಿ ಕೊಂದರು. ಸತ್ತವರು 5 ಲಕ್ಷದಿಂದ 10 ಲಕ್ಷ ಎಂಬುದು ಸಾಮಾನ್ಯವಾಗಿ ಕೊಡುವ ಅಂದಾಜು. ಕೊಂದವರಿಗೆ ಶಿಕ್ಷೆಯಾಗಲಿಲ್ಲ, ಅಧಿಕಾರ ಸಿಕ್ಕಿತು. ಜೋಶುವಾ ಒಪ್ಪೆನ್‌ಹೈಮರ್ ಈ ಒಂದೇ ಸಂಗತಿಯ ಮೇಲೆ ಎರಡು ಚಿತ್ರ ಮಾಡಿದರು: 2012ರ ‘ದಿ ಆ್ಯಕ್ಟ್ ಆಫ್ ಕಿಲ್ಲಿಂಗ್’ ಮತ್ತು 2014ರ ‘ದಿ ಲುಕ್ ಆಫ್ ಸೈಲೆನ್ಸ್’.

ಮೊದಲನೆಯದರಲ್ಲಿ ಮೇಡಾನ್ ನಗರದ ಅನ್ವರ್ ಕಾಂಗೊ ಮತ್ತು ಅವನ ಸಂಗಡಿಗರಿಗೆ, ನೀವು ಮಾಡಿದ್ದನ್ನು ನಿಮಗಿಷ್ಟವಾದ ಸಿನಿಮಾದ ಧಾಟಿಯಲ್ಲಿ ನಟಿಸಿ ತೋರಿಸಿ ಎಂದು ನಿರ್ದೇಶಕರು ಹೇಳುತ್ತಾರೆ. ಹಿಂದೆ ಬ್ಲ್ಯಾಕಿನಲ್ಲಿ ಸಿನಿಮಾ ಟಿಕೆಟ್ ಮಾರುತ್ತಿದ್ದವರು ಅವರು, ಖುಷಿಯಿಂದಲೇ ಒಪ್ಪುತ್ತಾರೆ. ಒಂದು ತಾರಸಿಯ ಮೇಲೆ ನಿಂತು, ತಂತಿಯಿಂದ ಹೇಗೆ ಕೊಲ್ಲುತ್ತಿದ್ದೆವು ಎಂದು ಅನ್ವರ್ ತೋರಿಸಿ, ಕುಣಿಯುತ್ತಾನೆ. ಕೊನೆಗೆ ಅದೇ ತಾರಸಿಯಲ್ಲಿ ಅವನ ಮೈ ಓಕರಿಸಲು ಹವಣಿಸುತ್ತದೆ. ಎರಡನೆಯದರಲ್ಲಿ ಅಡಿ ಎಂಬ ಕನ್ನಡಕದ ವೃತ್ತಿಯವರು ಇದ್ದಾರೆ. ಅವರ ಅಣ್ಣ ರಾಮ್ಲಿಯನ್ನು ಕೊಂದದ್ದು ಅವರು ಹುಟ್ಟುವ ಮೊದಲು. ಕೊಂದವರ ಮನೆಗೇ ಹೋಗಿ, ಕಣ್ಣು ಪರೀಕ್ಷಿಸುತ್ತಾ, ಮೆತ್ತಗಿನ ದನಿಯಲ್ಲಿ ಪ್ರಶ್ನೆ ಕೇಳುತ್ತಾರೆ. ಅತ್ತ ಮನೆಯಲ್ಲಿ ಮುದುಕಿ ತಾಯಿ, ಕಣ್ಣು ಕಾಣದ ಹಣ್ಣುಹಣ್ಣು ಮುದುಕ ತಂದೆ. ಎರಡೂ ಚಿತ್ರಗಳ ಕೊನೆಯಲ್ಲಿ ಹೆಸರುಗಳು ಬರುವಾಗ ಇಂಡೊನೇಷ್ಯಾದ ಎಷ್ಟೋ ತಂತ್ರಜ್ಞರ ಜಾಗದಲ್ಲಿ ‘ಅನಾಮಧೇಯ’ ಎಂದಿದೆ. ಆ ಭಯ ಇನ್ನೂ ಹೋಗಿಲ್ಲ ಎಂಬುದಕ್ಕೆ ಬೇರೆ ಪುರಾವೆ ಬೇಡ.

ಬಂದ ಕ್ರಮದಲ್ಲೇ ನೋಡಿ ಎನ್ನುವವರು ಹೆಚ್ಚು. ನಾನು ತಿರುಗಿಸಿ ಹೇಳುತ್ತೇನೆ: ‘ದಿ ಲುಕ್ ಆಫ್ ಸೈಲೆನ್ಸ್’ ಮೊದಲು. ಈ ಇತಿಹಾಸ ಗೊತ್ತಿಲ್ಲದವರು ಕೊಲೆಗಾರರ ಕುಣಿತದಿಂದ ಆರಂಭಿಸಿದರೆ ಆ ವಿಚಿತ್ರವೇ ಮನಸ್ಸನ್ನು ತುಂಬಿಕೊಳ್ಳುತ್ತದೆ, ಸತ್ತವರು ಲೆಕ್ಕಕ್ಕೆ ಸಿಗದೆ ಹೋಗುತ್ತಾರೆ. ರಾಮ್ಲಿ ಎಂಬ ಒಬ್ಬನನ್ನು, ಅವನ ತಾಯಿಯನ್ನು ತಿಳಿದುಕೊಂಡು ಅನ್ವರ್ ಎದುರಿಗೆ ಕೂತರೆ ಅವನ ಒಂದೊಂದು ನಗುವಿಗೂ ಬೆಲೆ ತೆತ್ತವರು ಯಾರು ಎಂದು ಗೊತ್ತಿರುತ್ತದೆ. ಮೊದಲ ಚಿತ್ರಕ್ಕೆ ಎರಡು ಆವೃತ್ತಿಗಳಿವೆ. ಸುಮಾರು ಎರಡು ಗಂಟೆಯದು ಹೆಚ್ಚಿನವರಿಗೆ ಸಾಕು. ಎರಡೂಮುಕ್ಕಾಲು ಗಂಟೆಗೆ ಹತ್ತಿರದ ನಿರ್ದೇಶಕರ ಆವೃತ್ತಿ ಎರಡನೇ ಸಲ ನೋಡುವವರಿಗೆ. ಮಕ್ಕಳಿರುವ ಮನೆಯಲ್ಲಿ ಎರಡನ್ನೂ ಹಾಕಬೇಡಿ.

ಇನ್ಯೂಟ್ ಜನ: 1922 ಮತ್ತು 2016

ಲೋಕದ ಬೇರೆ ಬೇರೆ ಸಂಸ್ಕೃತಿಗಳ ಬಗ್ಗೆ ಸಾಕ್ಷ್ಯಚಿತ್ರ ಎಂದೊಡನೆ ಹೆಚ್ಚಿನ ಪುಸ್ತಕಗಳು ಆರಂಭಿಸುವುದು ರಾಬರ್ಟ್ ಫ್ಲಾಹರ್ಟಿಯ ‘ನಾನೂಕ್ ಆಫ್ ದಿ ನಾರ್ತ್’ ಚಿತ್ರದಿಂದ. ಕೆನಡಾದ ಹಡ್ಸನ್ ಕೊಲ್ಲಿಯ ದಡದಲ್ಲಿ, ಉತ್ತರದ ಹಿಮನಾಡಿನ ಮೂಲನಿವಾಸಿಗಳಾದ ಇನ್ಯೂಟ್ ಜನರ ನಡುವೆ ತೆಗೆದ ಈ ಮೂಕಿ ಚಿತ್ರ ತೆರೆಕಂಡದ್ದು 1922ರಲ್ಲಿ. ಹಣ ಹಾಕಿದ್ದು ತುಪ್ಪಳದ ವ್ಯಾಪಾರ ಮಾಡುವ ರೆವಿಯೋಂ ಫ್ರೇರ್ ಎಂಬ ಫ್ರೆಂಚ್ ಕಂಪನಿ. ನಾನೂಕನ ನಿಜ ಹೆಸರು ಅಲ್ಲಾಕರಿಯಾಲ್ಲಕ್. ತೆರೆಯ ಮೇಲಿನ ಹೆಂಡತಿ ಅವನ ಹೆಂಡತಿಯಲ್ಲ. ಮಂಜಿನ ಮನೆಯೊಳಗೆ ಕ್ಯಾಮೆರಾಕ್ಕೆ ಬೆಳಕು ಸಾಲದೆಂದು ಒಂದು ಬದಿಯಿಲ್ಲದ ದೊಡ್ಡ ಇಗ್ಲೂ ಕಟ್ಟಿಸಿದರು. ಆ ಹೊತ್ತಿಗಾಗಲೇ ಕೋವಿ ಬಳಸುತ್ತಿದ್ದ ಜನ, ಚಿತ್ರದಲ್ಲಿ ಈಟಿಯಿಂದ ಬೇಟೆಯಾಡುತ್ತಾರೆ. ಗ್ರಾಮಫೋನ್ ತಟ್ಟೆಯನ್ನು ನಾನೂಕ್ ಕಚ್ಚಿ ನೋಡುವ ದೃಶ್ಯವೂ ಹೀಗೆಯೇ ಕ್ಯಾಮೆರಾಕ್ಕಾಗಿ ಮಾಡಿದ್ದು.

ಹಾಗೆಂದು ಇದನ್ನು ಬಿಟ್ಟುಬಿಡಿ ಎನ್ನಲಾರೆ. ಅಲ್ಲಿನ ಜನ ಫ್ಲಾಹರ್ಟಿಯ ಜೊತೆ ಸೇರಿ ದುಡಿದೇ ಈ ಚಿತ್ರ ಆದದ್ದು. ಮಂಜಿನ ಗಾಳಿ, ನಾಯಿಗಳು, ಒಂದು ಕಯಾಕಿನೊಳಗಿಂದ ಇಡೀ ಸಂಸಾರ ಒಬ್ಬೊಬ್ಬರಾಗಿ ಹೊರಬರುವ ದೃಶ್ಯ ನೂರು ವರ್ಷದ ನಂತರವೂ ಹಿಡಿದು ನಿಲ್ಲಿಸುತ್ತವೆ. ಆದರೆ ಇದರ ಪಕ್ಕದಲ್ಲಿ ‘ಆ್ಯಂಗ್ರಿ ಇನುಕ್’ ಇರಲೇಬೇಕು. ಇನುಕ್ (ಇನ್ಯೂಟ್ ಜನರಲ್ಲಿ ಒಬ್ಬರು ಎಂದರ್ಥ) ನಿರ್ದೇಶಕಿ ಅಲೆಥಿಯಾ ಅರ್ನಾಕುಕ್-ಬ್ಯಾರಿಲ್ 2016ರಲ್ಲಿ ಮಾಡಿದ ಚಿತ್ರ ಅದು. ವಿಷಯ ಸೀಲ್ ಬೇಟೆ. ಪ್ರಾಣಿದಯೆಯ ದೊಡ್ಡ ಸಂಘಟನೆಗಳ ಪ್ರಚಾರದಿಂದ ಯುರೋಪಿನ ಒಕ್ಕೂಟ 2009ರಲ್ಲಿ ಸೀಲ್ ಉತ್ಪನ್ನಗಳ ಮಾರಾಟ ನಿಷೇಧಿಸಿತು. ಇನ್ಯೂಟ್ ಜನರಿಗೆ ಕಾಗದದ ಮೇಲೆ ವಿನಾಯಿತಿ ಇತ್ತು. ಮಾರುಕಟ್ಟೆಯೇ ಕುಸಿದ ಮೇಲೆ ಆ ವಿನಾಯಿತಿಯಿಂದ ಏನೂ ದಕ್ಕಲಿಲ್ಲ. ಬೇಟೆಯ ಮಾಂಸ ಉಣ್ಣುವ, ಚರ್ಮ ಮಾರಿ ದೋಣಿಗೆ ಪೆಟ್ರೋಲು ಹಾಕಿಸುವ ಜನ ತಮ್ಮ ವಾದವನ್ನು ತಾವೇ ಮಂಡಿಸುವುದನ್ನು ಇಲ್ಲಿ ನೋಡಬಹುದು. ಜೋರಾಗಿ ಕೂಗಾಡುವುದು ಅವರ ರೂಢಿಯಲ್ಲ, ಸಿಟ್ಟನ್ನು ಅವರು ಶಾಂತವಾಗಿ ಹೇಳುತ್ತಾರೆ. ಕೂಗುವವರೇ ಗೆಲ್ಲುವ ಪ್ರಚಾರದ ಲೋಕದಲ್ಲಿ ಅವರ ದನಿ ಏಕೆ ಕೇಳಿಸಲಿಲ್ಲ ಎಂಬುದಕ್ಕೆ ಇಲ್ಲೇ ಉತ್ತರವಿದೆ.

ಆ ಜನ ಇಂದು ಹೇಗಿದ್ದಾರೆ ಎಂದು ತಿಳಿಯಬೇಕಾದವರಿಗೆ ‘ಆ್ಯಂಗ್ರಿ ಇನುಕ್’ ಒಂದೇ ಸಾಕು. ಸಿನಿಮಾ ಓದುವ ವಿದ್ಯಾರ್ಥಿಗಳಿಗೆ ಎರಡೂ ಬೇಕು. ‘ನಾನೂಕ್’ ಇಂಟರ್‌ನೆಟ್ ಆರ್ಕೈವ್‌ನಲ್ಲಿ ಉಚಿತವಾಗಿ ಸಿಗುತ್ತದೆ.

ಕ್ಯಾಮೆರಾಕ್ಕಾಗಿ ಮನೆ ಕಟ್ಟಿಸುವುದು ನೂರು ವರ್ಷದ ಹಿಂದಿನ ಮಾತು ಎಂದುಕೊಳ್ಳಬೇಡಿ. ಬಿಬಿಸಿಯ 2011ರ ‘ಹ್ಯೂಮನ್ ಪ್ಲಾನೆಟ್’ ಸರಣಿಯಲ್ಲಿ ಪಾಪುವಾದ ಕೊರೊವಾಯ್ ಜನ ಎತ್ತರದ ಮರದ ಮೇಲೆ ಮನೆ ಕಟ್ಟಿ ವಾಸಕ್ಕೆ ಹೋಗುವ ದೃಶ್ಯವಿದೆ. ಆ ಮನೆ ಚಿತ್ರೀಕರಣಕ್ಕಾಗಿ ಕಟ್ಟಿದ್ದು ಎಂದು 2018ರಲ್ಲಿ ಬಿಬಿಸಿಯೇ ಒಪ್ಪಿಕೊಂಡಿತು. ಕಣ್ಣು ತಣಿಸುವ ದೃಶ್ಯ, ಗಂಭೀರ ಗಂಡುದನಿಯ ವಿವರಣೆ, ಆ ಜನರ ಬಾಯಲ್ಲಿ ಒಂದು ಪೂರ್ತಿ ವಾಕ್ಯವೂ ಇಲ್ಲ: ಈ ಮೂರೂ ಒಟ್ಟಿಗೆ ಕಂಡರೆ ನಾನು ಆ ಚಿತ್ರವನ್ನು ಬೇರೆಯವರಿಗೆ ಹೇಳುವ ಮೊದಲು ಯೋಚಿಸುತ್ತೇನೆ.

ಹೊರಗಿನವರು ಮಾಡಿದ್ದೆಲ್ಲ ಹೀಗೇ ಇರುತ್ತದೆ ಎಂದೇನಿಲ್ಲ. ಉತ್ತರ ಮ್ಯಾಸಿಡೋನಿಯಾದ ‘ಹನಿಲ್ಯಾಂಡ್’ ಅದಕ್ಕೆ ಸಾಕ್ಷಿ. ಟಮಾರಾ ಕೊಟೆವ್‌ಸ್ಕಾ ಮತ್ತು ಲ್ಯುಬೊಮಿರ್ ಸ್ಟೆಫಾನೊವ್ ಪರಿಸರದ ಬಗ್ಗೆ ಕಿರುಚಿತ್ರ ಮಾಡಲು ಹೋದವರು. ಪಾಳುಬಿದ್ದ ಹಳ್ಳಿಯೊಂದರಲ್ಲಿ ಹಾಸಿಗೆ ಹಿಡಿದ ತಾಯಿಯ ಜೊತೆ ಬದುಕುವ, ಜೇನು ಸಾಕುವ ಹಾತಿಜೆ ಮುರಾತೊವಾ ಅವರನ್ನು ಕಂಡು ಮೂರು ವರ್ಷ ಅಲ್ಲೇ ಸುತ್ತಿದರು, 400 ಗಂಟೆಯಷ್ಟು ಚಿತ್ರೀಕರಿಸಿದರು. ಹಾತಿಜೆ ಆಡುವ ತುರ್ಕಿ ನುಡಿ ನಿರ್ದೇಶಕರಿಗೆ ಬರುತ್ತಿರಲಿಲ್ಲ. ಹಾಗಾಗಿ ಚಿತ್ರದ ಮೊದಲ ಜೋಡಣೆ ಮಾತಿನ ಆಸರೆಯಿಲ್ಲದೆ ದೃಶ್ಯಗಳಿಂದಲೇ ಆಯಿತು. ತುಪ್ಪ ತೆಗೆಯುವಾಗ ಅರ್ಧ ನನಗೆ, ಅರ್ಧ ನಿಮಗೆ ಎಂದು ಆಕೆ ಹುಳುಗಳಿಗೆ ಹೇಳುತ್ತಾರೆ. ಪಕ್ಕದಲ್ಲಿ ಬಿಡಾರ ಹೂಡಿದ ಸಂಸಾರವೊಂದು ಸಾಲದ ಒತ್ತಡಕ್ಕೆ ಅಷ್ಟನ್ನೂ ತೆಗೆದಾಗ ಏನಾಗುತ್ತದೆ ಎಂಬುದು ಉಳಿದ ಕಥೆ. ಆ ಸಂಸಾರವನ್ನೂ ಚಿತ್ರ ಖಳನನ್ನಾಗಿ ಮಾಡುವುದಿಲ್ಲ, ಅವರ ಮನೆತುಂಬ ಮಕ್ಕಳು, ಅವರ ಹಸಿವು ನಮಗೆ ಕಾಣುತ್ತವೆ. ಯಾರಿಗೇ ಆಗಲಿ ಒಂದೇ ಚಿತ್ರ ಹೇಳಬೇಕಾಗಿ ಬಂದರೆ ನಾನು ಹೇಳುವುದು ಇದನ್ನು.

ದುಡಿಮೆಯ ಬಗ್ಗೆ ಮೂರು

ಚೀನಾದ ವಲಸೆ ಕಾರ್ಮಿಕರ ಒಂದು ಸಂಸಾರವನ್ನು ಹಿಂಬಾಲಿಸುವ ಲಿಶಿನ್ ಫಾನ್ ಅವರ ‘ಲಾಸ್ಟ್ ಟ್ರೇನ್ ಹೋಮ್’ (2009), ಅಮೆರಿಕದ ಒಹಾಯೊದಲ್ಲಿ ಮುಚ್ಚಿದ್ದ ಜನರಲ್ ಮೋಟರ್ಸ್ ಕಾರ್ಖಾನೆಯಲ್ಲಿ ಚೀನಾದ ಗಾಜಿನ ಕಂಪನಿ ಕೆಲಸ ಶುರುಮಾಡಿದ್ದನ್ನು ಹೇಳುವ ‘ಅಮೆರಿಕನ್ ಫ್ಯಾಕ್ಟರಿ’ (2019), ಗುಜರಾತಿನ ಬಟ್ಟೆ ಗಿರಣಿಯೊಳಗೆ ತೆಗೆದ ರಾಹುಲ್ ಜೈನ್ ಅವರ ‘ಮಷೀನ್ಸ್’ (2016). ಎರಡೂ ಕಡೆಯ ವಾದ ಕೇಳಬೇಕು ಎನ್ನುವವರಿಗೆ ‘ಅಮೆರಿಕನ್ ಫ್ಯಾಕ್ಟರಿ’. ಮಾಲೀಕರೂ ಕಾರ್ಮಿಕರೂ ಇಬ್ಬರೂ ಮನಬಿಚ್ಚಿ ಮಾತಾಡಿದ್ದಾರೆ. ಊರಲ್ಲಿ ಅಜ್ಜಿಯ ಹತ್ತಿರ ಮಕ್ಕಳನ್ನು ಬಿಟ್ಟು ಬೆಂಗಳೂರಿಗೆ ಗಾರ್ಮೆಂಟ್ಸ್ ಕೆಲಸಕ್ಕೆ ಬಂದವರ ಮನೆ ಬಲ್ಲವರಿಗೆ ‘ಲಾಸ್ಟ್ ಟ್ರೇನ್ ಹೋಮ್’ ಬಿಡಿಸಿ ಹೇಳಬೇಕಿಲ್ಲ. ‘ಮಷೀನ್ಸ್’ ನೋಡುವುದು ಕಷ್ಟ. ಮಾತು ಕಡಿಮೆ, ಬಣ್ಣ, ಹಬೆ, ಯಂತ್ರದ ಸದ್ದು, ಹನ್ನೆರಡು ಗಂಟೆಯ ಪಾಳಿ, ನಿದ್ದೆಗೆ ಜೋಲುವ ಹುಡುಗ. ಆದರೂ ಕಾರ್ಮಿಕರು ಗುಂಪುಗೂಡಿ, ನೀವೂ ಬಂದು ನೋಡಿ ಹೋಗಿಬಿಡುವವರೇ, ನಾವೇನು ಮಾಡಬೇಕು ಹೇಳಿ ಎಂದು ನಿರ್ದೇಶಕರನ್ನೇ ಕೇಳುವ ಕಡೆ ನಾನು ಈ ಚಿತ್ರಕ್ಕೆ ಮನಸೋತೆ. ಆ ಪ್ರಶ್ನೆಯನ್ನು ಕತ್ತರಿಸದೆ ಉಳಿಸಿದ್ದಾರೆ.

ಮನೆಯವರಿಗೆ ಹೇಳುವಾಗ

ನಮ್ಮ ದೊಡ್ಡ ತೊಡಕು ಭಾಷೆ. ಲೋಕದ ಒಳ್ಳೆಯ ಸಾಕ್ಷ್ಯಚಿತ್ರಗಳಲ್ಲಿ ಕನ್ನಡ ಅಡಿಬರಹ ಇರುವುದು ತೀರಾ ಅಪರೂಪ. ಇಂಗ್ಲಿಷ್ ಅಡಿಬರಹ ಓದಲಾಗದ ಅಮ್ಮನಿಗೋ ಅತ್ತೆಗೋ ತೋರಿಸುವಾಗ ವಿಷಯಕ್ಕಿಂತ ಮೊದಲು ಇದನ್ನು ಯೋಚಿಸಬೇಕು. ಮಾತೇ ಇಲ್ಲದ ಚಿತ್ರಗಳು ಒಂದು ದಾರಿ. ರಾನ್ ಫ್ರಿಕ್ ಅವರ ‘ಬರಾಕಾ’ (1992) ಮತ್ತು ‘ಸಂಸಾರ’ (2011) ಎರಡೂ ಹತ್ತಾರು ದೇಶಗಳಲ್ಲಿ ತೆಗೆದವು, ವಿವರಣೆ ಇಲ್ಲ. ಕಣ್ಣಿಗೆ ಹಬ್ಬ ನಿಜ, ಆದರೆ ಯಾವ ಊರು, ಯಾವ ಜನ ಎಂದು ತಿಳಿಯದೆ ಎಲ್ಲವೂ ಸುಂದರವಾಗಿ ಒಂದೇ ಆಗಿಬಿಡುತ್ತದೆ. ಕಾಶಿಯ ಒಂದು ದಿನವನ್ನು ವಿವರಣೆಯಾಗಲಿ ಅಡಿಬರಹವಾಗಲಿ ಇಲ್ಲದೆ ತೋರಿಸುವ ರಾಬರ್ಟ್ ಗಾರ್ಡನರ್ ಅವರ ‘ಫಾರೆಸ್ಟ್ ಆಫ್ ಬ್ಲಿಸ್’ (1986) ನನಗೆ ಹೆಚ್ಚು ಮೆಚ್ಚುಗೆ. ಚೆಂಡುಹೂವು, ಏಣಿ, ದೋಣಿ, ಸೌದೆ ಇವನ್ನೇ ಹಿಡಿದು ಹೋಗುವ ಚಿತ್ರವನ್ನು ಕಾಶಿಗೆ ಹೋಗಿಬಂದ ಹಿರಿಯರು ವಿದ್ವಾಂಸರಿಗಿಂತ ಚೆನ್ನಾಗಿ ಓದಬಲ್ಲರು. ಹೆಣಗಳ ದೃಶ್ಯ ಇದೆ ಎಂದು ಮೊದಲೇ ಹೇಳಿಬಿಡಿ.

ಹಾಡು ಕೇಳುವ ಮನೆಯಾದರೆ ಶಬನಂ ವಿರ್ಮಾನಿ ಅವರ ಕಬೀರನ ಚಿತ್ರಗಳು. ಬೆಂಗಳೂರಿನಲ್ಲಿದ್ದುಕೊಂಡು ಅವರು ಮಾಡಿದ ನಾಲ್ಕರಲ್ಲಿ ಕನ್ನಡಿಗರು ‘ಕೋಯಿ ಸುನ್ತಾ ಹೈ’ ಮೊದಲು ನೋಡಬಹುದು. ಬೆಳಗಾವಿ ಜಿಲ್ಲೆಯ ಸುಳೇಭಾವಿಯಲ್ಲಿ ಹುಟ್ಟಿದ ಕುಮಾರ ಗಂಧರ್ವರು ಮಾಳವಾದ ಜನಪದ ಕಬೀರನನ್ನು ಹೇಗೆ ಒಳಗೆ ಬಿಟ್ಟುಕೊಂಡರು ಎಂಬುದು ಅದರಲ್ಲಿದೆ. ಗಡಿಯಾಚೆ ಕರಾಚಿಯವರೆಗೂ ಹೋಗುವ ‘ಹದ್ ಅನ್‌ಹದ್’ ಆಮೇಲೆ ನೋಡಿ.

ಮನುಷ್ಯ ಮತ್ತು ಪ್ರಾಣಿಯ ನಂಟು ಎಂದರೆ ಎಲ್ಲರೂ ಹೇಳುವುದು 2023ರಲ್ಲಿ ಆಸ್ಕರ್ ಪಡೆದ ‘ದಿ ಎಲಿಫೆಂಟ್ ವಿಸ್ಪರರ್ಸ್’. ನಮ್ಮ ಬಂಡೀಪುರಕ್ಕೆ ಅಂಟಿದ ಮುದುಮಲೆಯ ಕಥೆ, ಸುಮಾರು 40 ನಿಮಿಷ, ತಮಿಳು ಮಾತು. ಮಕ್ಕಳ ಜೊತೆ ನೋಡಲು ಹೇಳಿಮಾಡಿಸಿದ್ದು. ಅದನ್ನು ಮೆಚ್ಚಿದವರಿಗೆ ಮುಂದಿನ ಚಿತ್ರವಾಗಿ ಶೌನಕ್ ಸೇನ್ ಅವರ ‘ಆಲ್ ದಟ್ ಬ್ರೀದ್ಸ್’ (2022) ಹೇಳಿ. ದೆಹಲಿಯಲ್ಲಿ ಗಾಯಗೊಂಡ ಹದ್ದುಗಳಿಗೆ ಚಿಕಿತ್ಸೆ ಮಾಡುವ ಅಣ್ಣತಮ್ಮಂದಿರ ಮನೆ, ಹೊಗೆಗಟ್ಟಿದ ಆಕಾಶ, ಬೀದಿಯಿಂದ ತೇಲಿಬರುವ ಗಲಭೆಯ ಆತಂಕ. ಮೊದಲನೆಯದು ಮುದ್ದು ಉಕ್ಕಿಸುತ್ತದೆ. ಎರಡನೆಯದನ್ನು ನೋಡಿದವರು ನಗರವನ್ನೇ ಬೇರೆ ಕಣ್ಣಿಂದ ನೋಡತೊಡಗುತ್ತಾರೆ.

ಶಾಲೆಯ ಮಕ್ಕಳಿಗೆ ಪಾಸ್ಕಲ್ ಪ್ಲಿಸೋನ್ ಅವರ 2013ರ ಫ್ರೆಂಚ್ ಚಿತ್ರ ‘ಆನ್ ದಿ ವೇ ಟು ಸ್ಕೂಲ್’. ಕೀನ್ಯಾ, ಮೊರಾಕೊ, ಅರ್ಜೆಂಟೀನಾ ಮತ್ತು ಭಾರತದ ಮಕ್ಕಳು ಶಾಲೆ ಮುಟ್ಟುವ ದಾರಿ. ಮುರುಕಲು ಗಾಲಿಕುರ್ಚಿಯಲ್ಲಿ ಅಣ್ಣನನ್ನು ತಳ್ಳಿಕೊಂಡು ಹೋಗುವ ತಮ್ಮಂದಿರನ್ನು ಮಕ್ಕಳು ಮರೆಯುವುದಿಲ್ಲ.

ಹುಡುಕುವ ಜಾಗಗಳು

ಒಟಿಟಿಯಲ್ಲಿ ಅನುಕೂಲ ಹೆಚ್ಚು, ಆಯ್ಕೆ ಕಡಿಮೆ. ನೆಟ್‌ಫ್ಲಿಕ್ಸ್ ತಾನೇ ಹಣ ಹಾಕಿದ್ದನ್ನು ಉಳಿಸಿಕೊಳ್ಳುತ್ತದೆ, ಉಳಿದವು ಬಂದುಹೋಗುತ್ತವೆ. ಮುಬಿ ಎಂಬ ಒಟಿಟಿಯಲ್ಲಿ ಹಳೆಯ, ಅಪರೂಪದ ಚಿತ್ರಗಳು ಸಿಗುತ್ತವೆ. ಉಚಿತವಾಗಿ ನೋಡಲು ಕೆನಡಾದ ನ್ಯಾಷನಲ್ ಫಿಲ್ಮ್ ಬೋರ್ಡ್‌ನ ಜಾಲತಾಣಕ್ಕೆ ಸಮನಾದದ್ದು ಕಡಿಮೆ. 1990ರಲ್ಲಿ ಅಲ್ಲಿನ ಮೂಲನಿವಾಸಿಗಳಾದ ಮೊಹಾಕ್ ಜನ ತಮ್ಮ ನೆಲಕ್ಕಾಗಿ 78 ದಿನ ಸೈನ್ಯದೆದುರು ನಿಂತದ್ದನ್ನು ಅವರ ಪಕ್ಕ ನಿಂತು ತೆಗೆದ ಅಲಾನಿಸ್ ಒಬೊಮ್ಸಾವಿನ್ ಅವರ ‘ಕಾನೆಸಟಾಕೆ’ (1993) ಅಲ್ಲಿದೆ. ಯೂಟ್ಯೂಬಿನಲ್ಲಿ ಅಲ್ ಜಜೀರಾ, ಜರ್ಮನಿಯ ಡಿಡಬ್ಲ್ಯು ವಾಹಿನಿಗಳ ಚಿತ್ರಗಳಿವೆ. ಮಲ ಹೊರುವ ಪದ್ಧತಿಯ ಮೇಲೆ ದಿವ್ಯಾ ಭಾರತಿ ತಮಿಳಿನಲ್ಲಿ ಮಾಡಿದ ‘ಕಕ್ಕೂಸ್’ (2017) ಬಂದದ್ದೂ ಯೂಟ್ಯೂಬಿಗೇ. ಯೂಟ್ಯೂಬಿನ ಸ್ವಯಂಚಾಲಿತ ಅನುವಾದದಲ್ಲಿ ಕನ್ನಡವೂ ಇದೆ. ತಪ್ಪುಗಳಿರುತ್ತವೆ, ಜೊತೆಗೊಬ್ಬರು ಕೂತು ಸರಿಪಡಿಸಿ ಹೇಳಿದರೆ ಕೆಲಸ ನಡೆಯುತ್ತದೆ.

ಹೊಸ ಹೆಸರುಗಳು ಬೇಕಾದವರು ಚಿತ್ರೋತ್ಸವಗಳ ಆಯ್ಕೆಪಟ್ಟಿ ಓದಿ. ಆಮ್‌ಸ್ಟರ್‌ಡ್ಯಾಮಿನ ಇಡ್ಫಾ 1988ರಿಂದ ನಡೆಯುತ್ತಿದೆ. ಜಪಾನಿನ ಯಮಗಾತಾ 1989ರಿಂದ ಎರಡು ವರ್ಷಕ್ಕೊಮ್ಮೆ, ಏಷ್ಯಾದ ಚಿತ್ರಗಳಿಗೆ ಅದೇ ಮೇಲು. ನಮಗೆ ಹತ್ತಿರದ್ದು ತಿರುವನಂತಪುರದಲ್ಲಿ 2008ರಿಂದ ನಡೆಯುವ ಸಾಕ್ಷ್ಯಚಿತ್ರ ಮತ್ತು ಕಿರುಚಿತ್ರೋತ್ಸವ. ಬೆಂಗಳೂರಿಗರಿಗೆ ಬನಶಂಕರಿಯ ಸುಚಿತ್ರಾ ಇದೆ. 1971ರಿಂದ ಚಿತ್ರ ತೋರಿಸಿ ಮಾತಾಡಿಸುತ್ತಾ ಬಂದ ಸಂಸ್ಥೆ.

ನೀವೇ ಹತ್ತು ಜನರನ್ನು ಸೇರಿಸಿ ತೋರಿಸುವುದಾದರೆ ಒಂದು ಎಚ್ಚರ. ಒಟಿಟಿ ಚಂದಾ ಸಾರ್ವಜನಿಕ ಪ್ರದರ್ಶನಕ್ಕೆ ಅನುಮತಿಯಲ್ಲ. ನೆಟ್‌ಫ್ಲಿಕ್ಸ್ ತನ್ನ ಕೆಲವು ಸಾಕ್ಷ್ಯಚಿತ್ರಗಳನ್ನು ಶಿಕ್ಷಣದ ಉದ್ದೇಶಕ್ಕೆ ತೋರಿಸಲು ಬಿಡುತ್ತದೆ, ಆ ಚಿತ್ರದ ಪುಟದಲ್ಲಿ ಅದನ್ನು ನಮೂದಿಸಿರುತ್ತದೆ. ಸ್ವತಂತ್ರವಾಗಿ ಮಾಡುವ ನಿರ್ದೇಶಕರಿಗೆ ನೇರವಾಗಿ ಬರೆದು ಕೇಳಿ. ಮೊದಲ ಸಂಜೆಗೆ ಉದ್ದದ ಚಿತ್ರ ಬೇಡ. ಬೆಂಗಳೂರಿನ ದೀಪಾ ಧನರಾಜ್ ಅವರ ‘ಸಮ್‌ಥಿಂಗ್ ಲೈಕ್ ಎ ವಾರ್’ (1991) ಒಂದು ಗಂಟೆಯೊಳಗಿನದು. ಕುಟುಂಬ ಯೋಜನೆ ಹೆಂಗಸರ ಮೈಮೇಲೆ ಹೇಗೆ ನಡೆಯಿತು ಎಂಬುದರ ಚಿತ್ರ ಅದು. ಶಸ್ತ್ರಚಿಕಿತ್ಸೆಯ ಲೆಕ್ಕ ಒಪ್ಪಿಸುವ ಡಾಕ್ಟರನೂ, ಒಟ್ಟಿಗೆ ಕೂತು ತಮ್ಮ ದೇಹದ ಬಗ್ಗೆ ಸಂಕೋಚವಿಲ್ಲದೆ ಮಾತಾಡುವ ಹೆಂಗಸರೂ ಅದರಲ್ಲಿದ್ದಾರೆ. ನಮ್ಮ ತಾಯಂದಿರ ವಯಸ್ಸಿನವರು ಕೂತಿದ್ದರೆ ಚಿತ್ರ ಮುಗಿದ ಮೇಲೆ ಮಾತು ಅವರಿಂದಲೇ ಶುರುವಾಗಲಿ, ನಡುವೆ ಯಾರೂ ಬಾಯಿ ಹಾಕದಂತೆ ನೋಡಿಕೊಳ್ಳಿ.